ಕಸ್ಮುರಿಯ ಧಾರಾಳದ ಕೈ

ಕಸ್ಮುರಿಯ ಹೊಟ್ಟೆಕಿಚ್ಚು ಇಂದು ನಿನ್ನೆಯದಲ್ಲ. ಏಳು ವರ್ಷದವನಿದ್ದಾಗ ಪಕ್ಕದ ಮನೆಯ ಪಂಜರದ ಹಕ್ಕಿ ತಮ್ಮ ಮನೆಯದಕ್ಕಿಂತ ಚೆನ್ನಾಗಿ ಕೂಗುತ್ತದೆಂದು ಎರಡು ದಿನ ಅನ್ನ ಮುಟ್ಟದೆ ಕೂತವನು. ಹೆಂಡತಿಯ ತಂಗಿಯ ಮದುವೆಯ ದಿನ ತನ್ನ ಟೋಪಿಗಿಂತ ಷಡ್ಡಕನ ಟೋಪಿ ಹೊಸದಾಗಿ ಕಾಣುತ್ತಿದೆಯೆಂದು ಫೋಟೋದಲ್ಲಿ ಮುಖ ಗಂಟಿಕ್ಕಿ ನಿಂತವನು. ಆ ಫೋಟೋ ಈಗಲೂ ಅವನ ಮನೆಯ ಗೋಡೆಯಲ್ಲಿದೆ, ಬೇಕಾದರೆ ಹೋಗಿ ನೋಡಿ. ಉಳಿದಂತೆ ಮನುಷ್ಯ ಕೆಟ್ಟವನಲ್ಲ. ಲವಂಗದ ಸಿಗರೇಟಿಗೆ ಹೆಸರಾದ ಕುದುಸ್ ಊರಿನ ನಮ್ಮ ಓಣಿಯಲ್ಲಿ ಯಾರ ಕಸೂತಿ ಯಂತ್ರ ಕೈಕೊಟ್ಟರೂ ಅರ್ಧ ರಾತ್ರಿಯಲ್ಲೂ ಎದ್ದು ಬಂದು ರಿಪೇರಿ ಮಾಡಿಕೊಡುತ್ತಿದ್ದ. ಆದರೆ ಇನ್ನೊಬ್ಬರಿಗೆ ಒಳ್ಳೆಯದಾಯಿತೆಂದು ಕೇಳಿದರೆ ಅವನ ಹೊಟ್ಟೆಗೆ ಖಾರ ಕಲಸಿದ ಹಾಗಾಗುತ್ತಿತ್ತು. ಏನು ಮಾಡುವುದು, ಕೆಲವರ ಜೀವ ಹಾಗೆ.

ಇದಕ್ಕೆ ಬೀಜ ಬಿತ್ತಿದವನು ಅವನ ಅಪ್ಪ ಮಾರ್ಜುಕಿ ಎಂದು ಹಳಬರು ಹೇಳುತ್ತಾರೆ. ಮಾರ್ಜುಕಿ ಲವಂಗದ ಸಿಗರೇಟು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ತಂಬಾಕಿಗೆ ಚಿಮುಕಿಸುವ ಪರಿಮಳದ ಪಾಕ ಬೆರೆಸುತ್ತಿದ್ದ. ಆ ಕೋಣೆಗೆ ಸದಾ ಬೀಗ. ಒಳಗೆ ಯಾವ ಸೀಸೆಯಿಂದ ಎಷ್ಟು ಹನಿ ಬಿತ್ತೆಂಬುದು ಮಾಲೀಕನಿಗೂ ಗೊತ್ತಿರಲಿಲ್ಲ. ಮಗ ಎಷ್ಟೋ ಸಲ ಬಾಗಿಲ ಹೊರಗೆ ಕೂತು ವಾಸನೆ ಹಿಡಿದು, ಇವತ್ತು ಹಲಸು ಹಾಕಿದೆ, ಇವತ್ತು ಜಾಯಿಕಾಯಿ ಹಾಕಿದೆ ಎಂದು ಹೇಳುತ್ತಿದ್ದ, ಹೇಳಿದ್ದು ಸರಿಯೂ ಇರುತ್ತಿತ್ತು. ಆದರೂ ಮುದುಕ ಸಾಯುವ ಮುಂಚೆ ವಿದ್ಯೆ ಕಲಿಸಿದ್ದು ಮಾಲೀಕನ ಅಣ್ಣನ ಮಗನಿಗೆ. ಯಾಕಪ್ಪಾ ಎಂದು ಮಗ ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಓಣಿಗೆಲ್ಲ ಗೊತ್ತು.

"ನಿನ್ನ ಮೂಗು ಚೆನ್ನಾಗಿದೆ ಕಣೋ. ಆದ್ರೆ ನಿನ್ನ ಕೈ ನಿಲ್ಲಲ್ಲ."

ಕಸ್ಮುರಿ ಮೊದಲನೇ ಅರ್ಧವನ್ನು ಪದಕದ ಹಾಗೆ ಎದೆಗೆ ಚುಚ್ಚಿಕೊಂಡ. ಎರಡನೇ ಅರ್ಧ ಅವನ ಕಿವಿಗೆ ಬೀಳಲೇ ಇಲ್ಲ.

ಕಾಲ ತಿರುಗಿತು. ಸಿಗರೇಟಿನ ಊರಿಗೂ ವೇಪ್ ಬಂತು. ಬ್ಯಾಟರಿಯ ಕೊಳವೆಗೆ ಪರಿಮಳದ ದ್ರವ ತುಂಬಿಸಿ ಆವಿ ಎಳೆಯುವುದು, ಮೋಡದಷ್ಟು ಬಿಳಿ ಹೊಗೆ ಬಿಡುವುದು. ಆಗಿನ್ನೂ ದ್ರವದ ಬಾಟಲಿಗೆ ಸರ್ಕಾರದ ಸುಂಕದ ಚೀಟಿ ಅಂಟಿಸುವ ಕಾನೂನು ಬಂದಿರಲಿಲ್ಲ. ಗ್ಲಿಸರಿನ್, ಚೂರು ನಿಕೋಟಿನ್, ಎರಡೋ ಮೂರೋ ಎಸೆನ್ಸ್ ಇದ್ದರೆ ಯಾರು ಬೇಕಾದರೂ ಮನೆಯಲ್ಲೇ ಬೆರೆಸಬಹುದಿತ್ತು. ಕಸ್ಮುರಿಗೆ ನಲವತ್ತಾರನೇ ವಯಸ್ಸಿಗೆ ಅಪ್ಪನ ಬೀಗದ ಕೋಣೆ ತೆರೆದ ಹಾಗಾಯಿತು. ಕಿಟಕಿಯಿಲ್ಲದ ಮಲಗುವ ಕೋಣೆಯಲ್ಲೇ ಒಂದು ಮೇಜು ಹಾಕಿದ, ಸೀಸೆಗಳನ್ನು ಸಾಲಾಗಿ ಇಟ್ಟ. ತೂಕವಿಲ್ಲ, ಅಳತೆಯಿಲ್ಲ. ಹನಿ ಹಾಕು, ಕುಲುಕು, ಮೂಸು, ಸಾಲದು ಅನಿಸಿದರೆ ಇನ್ನೊಂದು ಹಾಕು. ಪಾಕ ಬೆರೆಸುವವನ ಮಗನಿಗೆ ತಕ್ಕಡಿ ಯಾಕೆ ಎಂಬುದು ಅವನ ವಾದ.

ಅವನಿಗೆ ಹೆಸರು ತಂದದ್ದು ಜೆನಾಂಗ್ ರುಚಿಯ ದ್ರವ. ಜೆನಾಂಗ್ ನಮ್ಮೂರಿನ ಸಿಹಿ. ತೆಂಗಿನ ಹಾಲು, ತಾಳೆಬೆಲ್ಲ, ಅಂಟಕ್ಕಿ ಹಿಟ್ಟು ಸೇರಿಸಿ ಅರ್ಧ ದಿನ ತಿರುವಿದರೆ ಆಗುವ ಹಲ್ವ. ಅದರ ರುಚಿಯನ್ನು ಆವಿಗೆ ಇಳಿಸಿದವರಲ್ಲಿ ಓಣಿಗೆ ಇವನೇ ಮೊದಲಿಗ. ಹಾಜಿ ಮಸ್ರುಖಿನ್‌ರ ಕಾಫಿ ಅಂಗಡಿಯಲ್ಲಿ ಸೇರುತ್ತಿದ್ದ ವೇಪ್ ಗುಂಪಿನವರಿಗೆಲ್ಲ ಒಂದೊಂದು ಬಾಟಲಿ ಪುಕ್ಕಟೆ ಕೊಟ್ಟ. ಅವರು ಎಳೆದರು, ಕಣ್ಣು ಒರೆಸಿಕೊಂಡರು, ನಕ್ಕರು. ಹಾಜಿಯವರು ಹೇಳಿದ್ದು ಒಂದೇ ಮಾತು, ಕಸ್ಮುರಿಯದು ಧಾರಾಳದ ಕೈ ಅಂತ. ನಮ್ಮ ಕಡೆ ಯಾರೂ ಯಾರಿಗೂ ಮುಖದ ಮೇಲೆ ಕೆಟ್ಟ ಮಾತು ಆಡುವುದಿಲ್ಲ, ಅದು ಈ ಮಣ್ಣಿನ ಮರ್ಯಾದೆ. ಧಾರಾಳ ಅಂದರೆ ಏನೆಂದು ಬುದ್ಧಿ ಇರುವವನು ತಾನೇ ತಿಳಿದುಕೊಳ್ಳಬೇಕು. ಕಸ್ಮುರಿ ಮನೆಗೆ ಬಂದು ಹೆಂಡತಿಗೆ ಅದನ್ನು ಹೊಗಳಿಕೆಯೆಂದೇ ಹೇಳಿದ. ಅವಳು ಅಕ್ಕಿ ಆರಿಸುತ್ತ ತಲೆ ಎತ್ತಲಿಲ್ಲ.

ಹೆಂಡತಿ ಅಸ್ಲಿಖಾ ಕಾರ್ಖಾನೆಯಲ್ಲಿ ಲವಂಗದ ಸಿಗರೇಟು ಸುತ್ತುವವಳು. ಇಪ್ಪತ್ತೆರಡು ವರ್ಷದಿಂದ ಸುತ್ತಿ ಸುತ್ತಿ ಬೆರಳ ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಒಂದೇ ಒಂದು ಸಿಗರೇಟನ್ನೂ ಸೇದಿದವಳಲ್ಲ. ಆದರೆ ತಂಬಾಕಿನ ಹೊಸ ಮೂಟೆ ಬಿಚ್ಚಿದ ದಿನ ಮೇಲ್ವಿಚಾರಕಿ ಮೊದಲು ಕರೆಯುತ್ತಿದ್ದದ್ದು ಇವಳನ್ನೇ. ಇವಳು ಒಂದು ಹಿಡಿ ಎತ್ತಿ ಮೂಸಿ, ಲವಂಗ ಹಳೆಯದು ಅಂದರೆ ಹಳೆಯದೇ. ಈ ಸಂಗತಿ ಕಾರ್ಖಾನೆಗೆಲ್ಲ ಗೊತ್ತು, ಗಂಡನಿಗೆ ಮಾತ್ರ ಗೊತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ.

ಒಂದು ವರ್ಷ ಕಸ್ಮುರಿ ರಾಜನ ಹಾಗೆ ಇದ್ದ. ಆಮೇಲೆ ಅವನ ಷಡ್ಡಕ ಶೋಲಿಕಿನ್ ಬೆರೆಸಲು ಶುರು ಮಾಡಿದ.

ಶೋಲಿಕಿನ್ ಅಸ್ಲಿಖಾಳ ತಂಗಿಯ ಗಂಡ, ಫ್ಯಾನು ರೇಡಿಯೊ ರಿಪೇರಿಯವನು. ಚಿಕ್ಕಂದಿನಿಂದ ಮೂಗು ಕಟ್ಟಿದವನು. ಒಲೆಯ ಮೇಲೆ ಅನ್ನ ಸೀದು ಇದ್ದಿಲಾದರೂ ಪಕ್ಕದಲ್ಲೇ ಕೂತು ಸ್ಕ್ರೂ ತಿರುಗಿಸುತ್ತಿರುತ್ತಾನೆಂದು ಅವನ ಹೆಂಡತಿ ರೊಫಿಯಾ ಎಲ್ಲರೆದುರು ಹೇಳಿ ನಗುತ್ತಿದ್ದಳು. ಇಂಥವನು ಪರಿಮಳ ಬೆರೆಸುತ್ತಾನೆಂದರೆ ಕುರುಡ ಬಣ್ಣ ಆರಿಸಿದ ಹಾಗಲ್ಲವೇ ಎಂದು ಕಸ್ಮುರಿ ಕಾಫಿ ಅಂಗಡಿಯಲ್ಲಿ ಕೂತು ಗೇಲಿ ಮಾಡಿದ. ಶೋಲಿಕಿನ್ ಅಕ್ಕಸಾಲಿಗನ ಹತ್ತಿರ ಹಳೆಯದೊಂದು ಚಿನ್ನದ ತಕ್ಕಡಿ ಕೊಂಡು, ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ತೂಗಿ, ಒಂದು ಪುಸ್ತಕದಲ್ಲಿ ಬರೆದಿಟ್ಟ. ಬೆರೆಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಕತ್ತಲ ಕಪಾಟಿನಲ್ಲಿ ಮೂರು ವಾರ ಮಲಗಿಸಿದ. ಮಲಗಿಸಿದ ಮೇಲೆ ಮುಟ್ಟಲಿಲ್ಲ. ಕಸ್ಮುರಿಗೋ ಮೂರು ದಿನವೂ ತಾಳ್ಮೆ ಇರುತ್ತಿರಲಿಲ್ಲ, ದಿನಾ ಎಬ್ಬಿಸಿ ಮೂಸಿ ಇನ್ನೊಂದು ಹನಿ ಹಾಕುತ್ತಿದ್ದ.

ಶೋಲಿಕಿನ್‌ನ ಮೊದಲ ಬಾಟಲಿ ಅಂಗಡಿಗೆ ಬಂದ ದಿನ ಎಲ್ಲರೂ ಎಳೆದರು, ಮತ್ತೆ ಎಳೆದರು, ಸಂಜೆಯ ಹೊತ್ತಿಗೆ ಬಾಟಲಿ ಖಾಲಿ. ಹಾಜಿಯವರು, ನಮ್ಮಮ್ಮ ಜೆನಾಂಗ್ ತಿರುವುವಾಗ ಬಾಗಿಲಲ್ಲಿ ನಿಂತಿದ್ದ ನೆನಪಾಯಿತು ಅಂದರು. ಆ ಮಾತು ಕಸ್ಮುರಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ತನ್ನ ಬಾಟಲಿಗೆ ಯಾರ ಅಮ್ಮನೂ ನೆನಪಾಗಿರಲಿಲ್ಲ. ಅಂದಿನಿಂದ ಅವನಿಗೆ ಶೋಲಿಕಿನ್ ನಡೆದರೂ ಕಷ್ಟ, ನಿಂತರೂ ಕಷ್ಟ. ಇವರ ನಾಲಿಗೆ ಸತ್ತಿದೆ ಎಂದು ಮನೆಯಲ್ಲಿ ಗೊಣಗುತ್ತ, ತನ್ನದಕ್ಕೆ ಇನ್ನಷ್ಟು ತಾಳೆಬೆಲ್ಲದ ಎಸೆನ್ಸ್ ಸುರಿದ. ಹಾಸಿಗೆ, ದಿಂಬು, ನಮಾಜಿನ ಚಾಪೆ ಎಲ್ಲಕ್ಕೂ ಅದೇ ವಾಸನೆ ಹತ್ತಿತು. ಅವನು ರಿಪೇರಿ ಮಾಡಿ ಕೊಟ್ಟ ಯಂತ್ರದಲ್ಲಿ ಹೊಲಿದ ಬಟ್ಟೆಗೆ ಇರುವೆ ಮುತ್ತುತ್ತದೆಂದು ಹೆಂಗಸರು ಆಡಿಕೊಂಡರು. ಮನೆಗೆ ಬಂದವರು ಒಳಗೆ ಜೆನಾಂಗ್ ಬೇಯುತ್ತಿದೆಯೇ ಎಂದು ಕೇಳಿದರೆ ಕಸ್ಮುರಿ, ಎಲ್ಲಿ, ಏನೂ ಇಲ್ಲವಲ್ಲ ಎನ್ನುತ್ತಿದ್ದ. ನಿಜವಾಗಿಯೂ ಅವನಿಗೆ ಏನೂ ವಾಸನೆ ಬರುತ್ತಿರಲಿಲ್ಲ. ಅದು ಯಾಕೆಂದು ಅವನು ಯೋಚಿಸಲಿಲ್ಲ.

ಆ ವರ್ಷದ ಉಪವಾಸದ ತಿಂಗಳಲ್ಲಿ ಹಾಜಿಯವರು ಒಂದು ಮಾತು ಹೊರಡಿಸಿದರು. ಅಂಗಡಿಯ ಗಾಜಿನ ಕಪಾಟಿನಲ್ಲಿ ಓಣಿಯ ದ್ರವವೊಂದನ್ನು ಇಡುತ್ತಾರಂತೆ, ಬಾಟಲಿಯ ಮೇಲೆ ಬೆರೆಸಿದವನ ಹೆಸರು ದಪ್ಪ ಅಕ್ಷರದಲ್ಲಿ. ಜೆನಾಂಗ್ ರುಚಿಯೇ ಆಗಬೇಕು, ಒಬ್ಬನದು ಮಾತ್ರ. ಉಪವಾಸ ಮುಗಿಸುವ ಹಬ್ಬದ ಎಂಟನೇ ದಿನ, ತೆಂಗಿನ ಗರಿಯ ಪೊಟ್ಟಣದಲ್ಲಿ ಬೇಯಿಸಿದ ಅನ್ನ ಹಂಚಿ ತಿನ್ನುವ ದಿನ, ಯಾರದೆಂದು ತಿಳಿಯದ ಹಾಗೆ ಎಳೆದು ನೋಡಿ ತೀರ್ಮಾನ. ಕಸ್ಮುರಿಗೆ ಅದು ಬರೀ ಕಪಾಟಲ್ಲ. ಅಪ್ಪ ಕೊಡದೇ ಹೋದ ಕೋಣೆಯ ಬೀಗದ ಕೈ ಅದು. ಊರೆಲ್ಲ ನೋಡುವ ಹಾಗೆ ಕಸ್ಮುರಿ ಬಿನ್ ಮಾರ್ಜುಕಿ ಎಂದು ಬರೆದಿರಬೇಕು. ಬೇರೆ ಹೆಸರು ಬಂದರೆ, ಅದೂ ಮೂಗಿಲ್ಲದವನ ಹೆಸರು ಬಂದರೆ, ತಾನು ಆ ದಾರಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ?

ಹಬ್ಬದ ಮೊದಲ ದಿನ ಕಿರಿಯರು ಹಿರಿಯರ ಮನೆಗೆ ಹೋಗಿ ಮಂಡಿಯೂರಿ ಕ್ಷಮೆ ಕೇಳಬೇಕು. ಶೋಲಿಕಿನ್ ಹೆಂಡತಿಯೊಡನೆ ಬಂದ. ಕುರ್ಚಿಯಲ್ಲಿ ಕೂತಿದ್ದ ಕಸ್ಮುರಿಯ ಮುಂದೆ ಮಂಡಿಯೂರಿ, ಅವನ ಕೈಗಳನ್ನು ಹಣೆಗೆ ಒತ್ತಿಕೊಂಡ.

"ಮಾಸ್, ಒಳಗೂ ಹೊರಗೂ, ಗೊತ್ತಿದ್ದೂ ಗೊತ್ತಿಲ್ದೆನೂ ಏನಾದ್ರೂ ತಪ್ಪು ಮಾಡಿದ್ರೆ ಕ್ಷಮಿಸ್ಬಿಡಿ."

ಮಾಸ್ ಅಂದರೆ ನಮ್ಮಲ್ಲಿ ಅಣ್ಣ, ಹೆಂಡತಿ ಗಂಡನನ್ನು ಕರೆಯುವುದೂ ಹಾಗೇ. ಅಣ್ಣನಾದವನು ನಂದೂ ತಪ್ಪಿದ್ದರೆ ಮರೆತುಬಿಡು ಎನ್ನಬೇಕು. ಕಸ್ಮುರಿ ಅಂದ. ಬಾಯಲ್ಲಿ ಅಂದ, ಕಣ್ಣು ಮಾತ್ರ ಷಡ್ಡಕನ ಸೋರುವ ಮೂಗಿನ ಮೇಲಿತ್ತು.

ಮೂರನೇ ದಿನ ಹಿರಿಯರು ಕಿರಿಯರ ಮನೆಗೆ ತಿರುಗಿ ಹೋಗುವ ವಾಡಿಕೆ. ಕಸ್ಮುರಿ ಷಡ್ಡಕನ ಮನೆಯ ಹೊರಗಿನ ಕೋಣೆಯಲ್ಲಿ ಬಿಸ್ಕತ್ತು ಮುರಿಯುತ್ತ ಕೂತಿದ್ದ. ಅಡುಗೆಮನೆಯಿಂದ ಶೋಲಿಕಿನ್‌ನ ಮಾತು ಕೇಳಿಸಿತು.

"ಅಕ್ಕಾ, ನೀವು ಹೇಳಿದ್ರಲ್ಲ, ತೆಂಗಿನ ಹಾಲು ಮುಂದೆ ಬರ್ತಿದೆ ಅಂತ? ಹತ್ತರಲ್ಲಿ ಮೂರು ಪಾಲು ಕಡಿಮೆ ಮಾಡಿ ಮಲಗ್ಸಿದೀನಿ."

ಅಸ್ಲಿಖಾ ಏನೋ ಅಂದಳು. ಆಮೇಲೆ ಇಬ್ಬರೂ ನಕ್ಕರು.

ಕಸ್ಮುರಿಯ ಕೈಯಲ್ಲಿದ್ದ ಬಿಸ್ಕತ್ತು ಪುಡಿಯಾಯಿತು. ಶುಕ್ರವಾರ ಶುಕ್ರವಾರ ತಂಗಿಯ ಮನೆಗೆ ಹೋಗುತ್ತೇನೆಂದು ಇವಳು ಬರುತ್ತಿದ್ದದ್ದು ಇದಕ್ಕೋ! ತನ್ನ ಹಾಸಿಗೆಯಲ್ಲಿ ಮಲಗಿ ಎದ್ದವಳು ಇನ್ನೊಬ್ಬನ ಬಾಟಲಿಗೆ ಮೂಗು ಕೊಡುತ್ತಿದ್ದಾಳೆ. ಹೆಂಡತಿ ಮೇಲೆ ಅವನಿಗೆ ಬೇರೆ ಯಾವ ಅನುಮಾನವೂ ಬರಲಿಲ್ಲ, ಬಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಮನೆಯಲ್ಲಿ ಇಷ್ಟು ಒಳ್ಳೆಯ ಮೂಗು ಇದ್ದೂ ಅದು ಷಡ್ಡಕನ ಪಾಲಾಯಿತಲ್ಲ ಎಂಬುದೊಂದೇ ಅವನ ಸಂಕಟ. ಅವಳನ್ನು ತಾನು ಒಂದು ದಿನವಾದರೂ ಕೇಳಿದ್ದೆನೇ ಎಂಬುದು ಆಗ ಹೊಳೆಯಲಿಲ್ಲ.

ಎಲ್ಲರೂ ಹಿತ್ತಲಿಗೆ ಊಟಕ್ಕೆ ಎದ್ದಾಗ ಅವನು ಒಬ್ಬನೇ ಉಳಿದ. ಕಪಾಟು ತೆರೆದ. ಕಪ್ಪು ಬಟ್ಟೆಯಲ್ಲಿ ಸುತ್ತಿದ ಬಾಟಲಿ, ಅದಕ್ಕೆ ಅಂಟಿಸಿದ ಚೀಟಿಯಲ್ಲಿ ತೂಕ, ತಾರೀಖು. ಕಸ್ಮುರಿಯ ಅಂಗಿಯ ಜೇಬಿನಲ್ಲಿ ಯಾವಾಗಲೂ ತಾಳೆಬೆಲ್ಲದ ಎಸೆನ್ಸಿನ ಪುಟ್ಟ ಸೀಸೆ ಇರುತ್ತಿತ್ತು. ಎರಡೇ ಹನಿ ಸಾಕು, ಹದ ಸ್ವಲ್ಪ ತಪ್ಪಿದರೆ ಆಯಿತು ಎಂದುಕೊಂಡ. ಎರಡು ಹಾಕಿ ಕುಲುಕಿ ಮೂಸಿದ. ಏನೂ ಗೊತ್ತಾಗಲಿಲ್ಲ. ಇನ್ನೆರಡು ಹಾಕಿದ. ಆಗಲೂ ಇಲ್ಲ. ಹಾಕುತ್ತ ಹೋದ. ಹನ್ನೊಂದನೆಯದಕ್ಕೆ ಸ್ವಲ್ಪ ಬೆಲ್ಲದ ಸುಳಿವು ಸಿಕ್ಕಿದ ಹಾಗಾಯಿತು. ಬಟ್ಟೆ ಸುತ್ತಿ ಇದ್ದಲ್ಲೇ ಇಟ್ಟು, ಹಿತ್ತಲಿಗೆ ಹೋಗಿ ಎರಡು ತಟ್ಟೆ ಕೋಳಿ ಸಾರು ಅನ್ನ ಉಂಡ. ಷಡ್ಡಕನೇ ಬಡಿಸಿದ.

ಎಂಟನೇ ದಿನ ಬೆಳಿಗ್ಗೆ ಹಾಜಿಯವರ ಅಂಗಡಿ ತುಂಬಿತ್ತು. ಹೆಂಗಸರು ಗರಿಯ ಪೊಟ್ಟಣದ ಅನ್ನ, ಹಲಸಿನ ಪಲ್ಯ ತಂದಿದ್ದರು. ಕಣದಲ್ಲಿ ಉಳಿದಿದ್ದವರು ಇಬ್ಬರೇ, ಉಳಿದವರು ಮೊದಲೇ ಹಿಂದೆ ಸರಿದಿದ್ದರು. ಹಾಜಿಯವರ ಹೆಂಡತಿ ಒಳಗೆ ಹೋಗಿ ಎರಡು ಬಾಟಲಿಯ ದ್ರವವನ್ನು ಎರಡು ವೇಪ್‌ಗೆ ತುಂಬಿ, ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಹಸಿರು ದಾರ ಕಟ್ಟಿ ತಂದಿಟ್ಟಳು. ಯಾವುದು ಯಾರದೆಂದು ಅವಳೊಬ್ಬಳಿಗೇ ಗೊತ್ತು.

ಹಾಜಿಯವರು ಕೆಂಪು ದಾರದ್ದನ್ನು ಎತ್ತಿ ದೀರ್ಘವಾಗಿ ಎಳೆದರು. ಮರುಗಳಿಗೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಕೆಮ್ಮು ಬಂದಾಗ ಮರ್ಯಾದೆ ಎಲ್ಲಿ ನೆನಪಿರುತ್ತದೆ?

"ಇದು ಕಸ್ಮುರಿದು" ಅಂದರು ಎದೆ ನೀವಿಕೊಳ್ಳುತ್ತ. "ಕಣ್ಣು ಕಟ್ಟಿದ್ರೂ ಹೇಳ್ತೀನಿ. ಇವನ್ದು ಎಳೆದ್ರೆ ಎರಡು ದಿನ ನಾಲಿಗೆಗೆ ಕಾಫಿನೂ ಹತ್ತಲ್ಲ."

ಅಂಗಡಿಯೆಲ್ಲ ನಗು. ಹಗೆಯ ನಗುವಲ್ಲ, ಬಹಳ ದಿನದಿಂದ ಎಲ್ಲರಿಗೂ ಗೊತ್ತಿದ್ದದ್ದು ಕೊನೆಗೂ ಹೊರಬಿತ್ತಲ್ಲ ಎಂಬ ನಗು. ಕಸ್ಮುರಿಯ ಕಿವಿ ಕಾದ ಹಂಚಾಯಿತು. ಧಾರಾಳದ ಕೈ ಅಂದರೆ ಇದಾ? ಇಷ್ಟು ದಿನವೂ ಇದೇನಾ?

ಹಾಜಿಯವರು ನೀರು ಕುಡಿದು, ಬಾಯಿಗೆ ಒಂದು ತುತ್ತು ಅನ್ನ ಹಾಕಿಕೊಂಡು, ಹಸಿರು ದಾರದ್ದನ್ನು ಎಳೆದರು. ಮತ್ತೆ ಅದೇ ಕೆಮ್ಮು.

"ಇದೂ ಕಸ್ಮುರಿದೇ" ಅಂದರು. "ಏನಪ್ಪಾ ಕಸ್, ಎರಡೂ ನೀನೇ ತಂದಿಟ್ಟಿದೀಯಾ?"

ನಗು ಇನ್ನೂ ಜೋರಾಯಿತು. ಹಾಜಿಯವರ ಹೆಂಡತಿ ಮಾತ್ರ ನಗಲಿಲ್ಲ. ಕೆಂಪು ದಾರದ್ದು ಶೋಲಿಕಿನ್‌ದು ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಸ್ಮುರಿಯ ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಎದುರಿನವನಿಗೆ ಅಪಶಕುನ ಆಗಲೆಂದು ತನ್ನ ಮೂಗು ತಾನೇ ಕುಯ್ದುಕೊಂಡವರ ಕಥೆ ಕೇಳಿದ್ದೇವೆ. ಇವನು ಕುಯ್ದು ಅಂಗಡಿಯ ಮೇಜಿನ ಮೇಲೆ ಇಟ್ಟಿದ್ದ.

ಶೋಲಿಕಿನ್ ಎದ್ದು ನಿಂತ. ಮುಖ ಬಿಳಿಚಿಕೊಂಡಿತ್ತು. ಪುಸ್ತಕ ತೆರೆದು ಬೆರಳಿಟ್ಟು ಸಾಲುಸಾಲು ಓದಿದ, ಹಾಳೆ ತಿರುಗಿಸಿದ, ಮತ್ತೆ ಮೊದಲಿಂದ ಓದಿದ. ತಕ್ಕಡಿಯೇ ಕೆಟ್ಟಿರಬೇಕು ಎಂದ. ಇಲ್ಲವೇ ತಾನೇ ಅಂಕಿ ತಪ್ಪಿ ಬರೆದಿರಬೇಕು, ಮೂಗಿಲ್ಲದವನಿಗೆ ಈ ಉಸಾಬರಿ ಯಾಕೆ ಬೇಕಿತ್ತು, ಹಾಜಿಯವರು ಕ್ಷಮಿಸಬೇಕು, ಇನ್ನು ಮೇಲೆ ಬೆರೆಸುವುದಿಲ್ಲ ಎಂದ. ಆಮೇಲೆ ಬಾಟಲಿಯನ್ನು ತಂದು ಕಸ್ಮುರಿಯ ಕೈಗೇ ಕೊಟ್ಟ.

"ಮಾಸ್, ನಿಮ್ಮದು ಅಪ್ಪನಿಂದ ಬಂದ ಮೂಗು. ಯಾವ್ದು ಜಾಸ್ತಿ ಆಗಿದೆ ಅಂತ ಮೂಸಿ ಹೇಳಿ. ಅಷ್ಟು ಗೊತ್ತಾದ್ರೆ ಸಾಕು ನಂಗೆ."

ಕಸ್ಮುರಿ ಮುಚ್ಚಳ ತೆಗೆದು ಮೂಸಿದ. ಒಳಗೆ ಏನಿದೆಯೆಂದು ಜಗತ್ತಿನಲ್ಲಿ ಅವನೊಬ್ಬನಿಗೆ ಗೊತ್ತು. ಹನ್ನೊಂದು ಹನಿ ತಾಳೆಬೆಲ್ಲ, ಇಡೀ ಅಂಗಡಿ ಕೆಮ್ಮುವಷ್ಟು. ಅವನಿಗೆ ಏನೂ ಬರಲಿಲ್ಲ. ಮತ್ತೆ ಮೂಸಿದ. ನೀರು ಮೂಸಿದ ಹಾಗೆ. ಅಷ್ಟು ಹೊತ್ತು ಉರಿಯುತ್ತಿದ್ದ ಹೊಟ್ಟೆಯಲ್ಲಿ ಈಗ ಹೆದರಿಕೆ ಎದ್ದಿತು. ಅಪ್ಪ ಕೊಟ್ಟಿದ್ದು ಇದೊಂದೇ, ಇದೂ ಹೋಗಿದೆ. ಎಂದು ಹೋಯಿತೆಂಬುದೂ ತಿಳಿಯದು.

ಅಷ್ಟರಲ್ಲಿ ಅಸ್ಲಿಖಾ ಬಂದು ಅವನ ಕೈಯಿಂದ ಬಾಟಲಿ ತೆಗೆದುಕೊಂಡಳು. ಒಂದೇ ಸಲ ಮೂಸಿದಳು. ಗಂಡನ ಮುಖ ನೋಡಿದಳು, ಅಂಗಿಯ ಜೇಬಿನ ಕಂದು ಕಲೆ ನೋಡಿದಳು. ಹೇಳಬಹುದಿತ್ತು, ಎಲ್ಲರೆದುರು ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಬಾಟಲಿಯನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದು ನಿಂತಳು.

ಶೋಲಿಕಿನ್ ಇನ್ನೂ ಕಾಯುತ್ತಿದ್ದ, ಪೆನ್ನು ಹಿಡಿದುಕೊಂಡು.

ಕಸ್ಮುರಿ ಎದ್ದ. ಆಮೇಲೆ ನಡೆದದ್ದನ್ನು ನಮ್ಮ ಓಣಿ ಅದಕ್ಕೆ ಮುಂಚೆ ನೋಡಿರಲಿಲ್ಲ. ಅಣ್ಣನ ಸ್ಥಾನದವನು ತಮ್ಮನ ಮುಂದೆ ಸಿಮೆಂಟು ನೆಲದ ಮೇಲೆ ಮಂಡಿಯೂರಿದ. ಷಡ್ಡಕನ ಕೈ ಹಿಡಿದು, ಪೆನ್ನು ಸಮೇತ, ಹಣೆಗೆ ಒತ್ತಿಕೊಂಡ. ಶೋಲಿಕಿನ್ ಗಾಬರಿಯಿಂದ ಎಬ್ಬಿಸಲು ಹೋದ, ಅವನು ಏಳಲಿಲ್ಲ.

"ಹನ್ನೊಂದು ಹನಿ, ಶೋಲಿಕಿನ್. ತಾಳೆಬೆಲ್ಲ. ಮೂರನೇ ದಿನ ನಿಮ್ಮನೇಲಿ ನಾನೇ ಹಾಕಿದ್ದು. ನಿನ್ನ ಹೆಸ್ರು ಆ ಕಪಾಟಲ್ಲಿ ನೋಡಕ್ಕಾಗ್ತಿರ್ಲಿಲ್ಲ ನಂಗೆ."

ಯಾರೋ ಲೋಟ ಇಟ್ಟ ಸದ್ದು. ರೊಫಿಯಾ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು. ಶೋಲಿಕಿನ್ ಬೈಯುತ್ತಾನೆಂದು ಎಲ್ಲರೂ ಕಾದರು. ಅವನು ಪುಸ್ತಕವನ್ನು ಎದೆಗೆ ಒತ್ತಿಕೊಂಡು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತ.

"ಹಂಗಾದ್ರೆ ನನ್ನ ತೂಕ ತಪ್ಪಿರ್ಲಿಲ್ಲ" ಎಂದ. ಎರಡು ಸಲ ಅದನ್ನೇ ಅಂದ. ಕಣ್ಣಿಂದ ನೀರು ಇಳಿಯಿತು, ಮೂಗಿಂದಲೂ ಇಳಿಯಿತು. ಅವನಿಗೆ ಇದ್ದದ್ದು ಆ ತಕ್ಕಡಿಯ ಮೇಲಿನ ನಂಬಿಕೆ ಒಂದೇ. ತಾನು ಕದಿಯಲು ಹೊರಟಿದ್ದು ಕಪಾಟನ್ನಲ್ಲ, ಅದನ್ನು ಎಂದು ಕಸ್ಮುರಿಗೆ ಆಗ ತಿಳಿಯಿತು.

ಹಾಜಿಯವರು ತೀರ್ಮಾನವನ್ನು ಇನ್ನೊಂದು ತಿಂಗಳಿಗೆ ಮುಂದೆ ಹಾಕಿ, ಶೋಲಿಕಿನ್ ಅದೇ ತೂಕದಲ್ಲಿ ಮತ್ತೆ ಬೆರೆಸಿ ತರಲಿ ಅಂದರು. ಕಪಾಟಿನಲ್ಲಿ ಯಾರ ಹೆಸರು ಬರುತ್ತದೆಂದು ಇನ್ನು ಯಾರೂ ಕೇಳಬೇಕಾಗಿರಲಿಲ್ಲ.

ಕಸ್ಮುರಿ ಮನೆಯ ಬಾಗಿಲು ತೆರೆದು ಒಳಗೆ ಬಂದ ಮೇಲೆ ಮೇಜಿನಿಂದ ತನ್ನ ಬಾಟಲಿ ತಂದು, ಮದುವೆಯಾದ ಇಷ್ಟು ವರ್ಷದಲ್ಲಿ ಮೊದಲ ಸಲ, ಹೆಂಡತಿಯ ಮುಂದೆ ಹಿಡಿದ. ಅವಳು ಬಾಟಲಿ ತೆಗೆದುಕೊಳ್ಳಲೂ ಇಲ್ಲ. ಇದ್ದಲ್ಲಿಂದಲೇ ಹೇಳಿದಳು.

"ಬೆಲ್ಲ ಅರ್ಧ ತೆಗೀರಿ ಮಾಸ್. ಉಳಿದಿದ್ದೆಲ್ಲ ಸರಿಯಿದೆ."

"ಯಾವತ್ತಿಂದ ಹೀಗಿದೆ?"

"ಮೊದಲನೇ ಬಾಟ್ಲಿಯಿಂದ."

ಯಾಕೆ ಹೇಳಲಿಲ್ಲ ಎಂದು ಕೇಳಲು ಅವನು ಬಾಯಿ ತೆರೆದ. ಅವಳು ಗರಿಯ ಪೊಟ್ಟಣಗಳ ಬುಟ್ಟಿಯನ್ನು ಕೆಳಗಿಟ್ಟು ಅವನನ್ನೇ ನೋಡುತ್ತ ನಿಂತಿದ್ದಳು. ಅವನು ಕೇಳಲಿಲ್ಲ.